ಬಂಗಾರಪೇಟೆಗೆ ಎಪ್ಪತ್ತೊಂಬತ್ತು ಅಂಕ

ನನ್ನ ಚಿಕ್ಕ ಮಗಳಿಗೆ ನಾಲ್ಕು ವರ್ಷ ತುಂಬಿದಾಗ ಅವಳು ನನ್ನ ಜೊತೆ ನೆಟ್ಟಗೆ ನಾಲ್ಕು ಮಾತೂ ಆಡಿರಲಿಲ್ಲ. ಮೂಗಿಯಲ್ಲ, ಕಿವುಡಿಯಲ್ಲ. ಪಕ್ಕದ ಮನೆಯ ಮುದುಕಿಯ ಹತ್ತಿರ ಬೆಳಗ್ಗೆ ಶುರು ಮಾಡಿದರೆ ದೀಪ ಹಚ್ಚುವ ತನಕ ಬಾಯಿ ಮುಚ್ಚುತ್ತಿರಲಿಲ್ಲ. ಆದರೆ ಅದೆಲ್ಲ ತಮಿಳು. ನಮ್ಮ ಹೊಸ್ತಿಲು ದಾಟಿ ಒಳಗೆ ಬಂದಳೋ, ಬೇಕಾದ್ದಕ್ಕೆ ಬೆರಳು ತೋರಿಸುವುದು, ಬೇಡವಾದ್ದಕ್ಕೆ ತಲೆ ಅಲ್ಲಾಡಿಸುವುದು, ಅಷ್ಟೇ. ಅವಳ ಬಾಯಲ್ಲಿ ಕನ್ನಡ ಬರಲಿ, ಒಂದು ಒಳ್ಳೆಯ ಶಾಲೆಯಲ್ಲಿ ಸೀಟು ಸಿಗಲಿ ಎಂದು ನಾನು ಮನೆ ಬದಲಿಸಿದೆ, ಊರು ಬದಲಿಸಿದೆ. ಆರು ವರ್ಷ ಕಳೆದ ಮೇಲೆ ಈಗ ಅದನ್ನು ಬರೆಯಲು ಕೂತಿದ್ದೇನೆ. ಬರೆಯುವಾಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿದೆ.

ನಾನೂ ನನ್ನ ಹೆಂಡತಿಯೂ ಹರಿಹರದ ಕಡೆಯವರು. ಕೆ.ಜಿ.ಎಫ್.ನ ಒಂದು ಕಾರ್ಖಾನೆಯಲ್ಲಿ, ತಪಾಸಣೆ ವಿಭಾಗದಲ್ಲಿ ನನಗೆ ಕೆಲಸ. ಕ್ವಾರ್ಟರ್ಸಿಗೆ ಅರ್ಜಿ ಹಾಕಿ, ಕಾದು ಕಾದು ಸಾಕಾಗಿ, ಕೋರಮಂಡಲ್‌ನಲ್ಲಿ ಒಂದು ಬಾಡಿಗೆ ಮನೆ ಹಿಡಿದಿದ್ದೆವು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಕಾರ್ಮಿಕರಿಗೆಂದು ಕಟ್ಟಿಸಿದ ಸಾಲುಮನೆ ಅದು. ಅಲ್ಲಿಯವರು ಲೈನು ಅನ್ನುತ್ತಾರೆ. ಎರಡು ಮನೆಗೆ ಒಂದೇ ಗೋಡೆ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ನಮಗೆ ಸೀನು. ಗಣಿ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ದುಡಿಯುವ ವಯಸ್ಸಿನವರೆಲ್ಲ ಬೆಳಕು ಹರಿಯುವ ಮೊದಲೇ ಬೆಂಗಳೂರಿನ ರೈಲು ಹತ್ತಿ ಹೋಗಿಬಿಡುತ್ತಿದ್ದರು. ಹಗಲು ಹೊತ್ತಿನಲ್ಲಿ ಲೈನಿನಲ್ಲಿ ಉಳಿಯುತ್ತಿದ್ದದ್ದು ವಯಸ್ಸಾದ ಹೆಂಗಸರು, ಸಣ್ಣ ಮಕ್ಕಳು ಮತ್ತು ಬಾಗಿಲಿಗೆ ಎರಡರಂತೆ ಇಟ್ಟ ನೀರಿನ ಡ್ರಮ್ಮುಗಳು.

ಪಕ್ಕದ ಮನೆಯವರನ್ನು ಇಡೀ ಲೈನು ಆಯಾ ಎಂದೇ ಕರೆಯುತ್ತಿತ್ತು. ಆ ಕಡೆಯ ತಮಿಳಿನಲ್ಲಿ ಆಯಾ ಅಂದರೆ ಅಜ್ಜಿ. ಅವರ ಗಂಡ ಗಣಿಯೊಳಗೆ ಇಳಿದು ಕೆಲಸ ಮಾಡಿದವರು, ನಾವು ಬರುವ ಮೊದಲೇ ತೀರಿಕೊಂಡಿದ್ದರು. ಮಗ ಬೆಂಗಳೂರಿನ ರೈಲಿನ ಗಿರಾಕಿ. ಚಿಕ್ಕವಳು ಹುಟ್ಟಿದಾಗ ನನ್ನ ಹೆಂಡತಿಗೆ ಮೈ ಹುಷಾರಿರಲಿಲ್ಲ, ಊರಿನಿಂದ ಬಾಣಂತನಕ್ಕೆ ಬರುವವರೂ ಇರಲಿಲ್ಲ. ಯಾರೂ ಕರೆಯದೆ ಆಯಾ ಬಂದರು. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ನೀರು ಹಾಕಿದರು. ಅವತ್ತಿನಿಂದ ಮಗು ಹೆಚ್ಚುಕಮ್ಮಿ ಅವರದೇ ಆಯಿತು. ಹೆಂಡತಿ ಚೇತರಿಸಿಕೊಂಡು ಆಂಡರ್ಸನ್‌ಪೇಟೆಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲಂತೂ ಮಗು ನಮ್ಮ ಮನೆಗೆ ಬರುತ್ತಿದ್ದದ್ದು ಮಲಗುವುದಕ್ಕೆ ಮಾತ್ರ.

ದೊಡ್ಡವಳಿಗೆ ಆಗ ಹತ್ತು ವರ್ಷ. ಅವಳಿಗೆ ಮೂರು ಭಾಷೆಯೂ ನೀರು ಕುಡಿದಷ್ಟು ಸಲೀಸು. ನಮ್ಮ ಹತ್ತಿರ ಕನ್ನಡ, ಲೈನಿನಲ್ಲಿ ತಮಿಳು, ಶಾಲೆಯ ಆಟೋದವನ ಹತ್ತಿರ ತೆಲುಗು. ಅವಳೇ ನಮ್ಮ ದುಭಾಷಿ. "ಏನಂತಾಳೆ ನೋಡು" ಎಂದು ನಾನು ಕೇಳುವುದು, ಅವಳು ತಂಗಿಯ ಮಾತನ್ನು ಕನ್ನಡ ಮಾಡಿ ಹೇಳುವುದು. ಹೆತ್ತ ಮಗಳ ಜೊತೆ ಮಾತಾಡುವುದಕ್ಕೆ ಮಧ್ಯೆ ಒಬ್ಬರು ಬೇಕಲ್ಲ ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು. ಅದಕ್ಕೆ ಹೊಟ್ಟೆಕಿಚ್ಚು ಎಂದೇ ಹೆಸರು. ಬೇರೆ ಹೆಸರು ಇಟ್ಟು ಪ್ರಯೋಜನವಿಲ್ಲ.

ಒಂದು ಸಂಜೆ ಡ್ಯೂಟಿ ಮುಗಿಸಿ ಬಂದಾಗ ಮಗು ಡ್ರಮ್ಮಿನ ಮುಂದೆ ನಿಂತಿತ್ತು. ನೀರು ಬಿಡದೆ ಐದಾರು ದಿನವಾಗಿತ್ತು. ಅವಳು ಡ್ರಮ್ಮಿಗೆ ಅಂಗೈಯಲ್ಲಿ ಬಡಿದು, "ತಣ್ಣಿ ವರಲೆ, ತಣ್ಣಿ ವರಲೆ" ಎಂದು ಗದರಿಸುತ್ತಾ, ಆಮೇಲೆ ಅದಕ್ಕೆ ಏನೋ ಉದ್ದದ ಕಥೆ ಹೇಳುತ್ತಿದ್ದಳು. ಕಥೆಯಲ್ಲಿ ಒಂದು ಲಾರಿ, ಒಂದು ನಾಯಿ ಇದ್ದವು. ಉಳಿದದ್ದು ನನಗೆ ತಿಳಿಯಲಿಲ್ಲ. ಆಯಾ ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತಾ ನಡುನಡುವೆ ಪ್ರಶ್ನೆ ಹಾಕುತ್ತಿದ್ದರು, ಮಗು ಅದಕ್ಕೆ ಕೈ ಆಡಿಸಿ ಉತ್ತರ ಕೊಡುತ್ತಿತ್ತು. ನಾನು ಸೈಕಲ್ ಸ್ಟ್ಯಾಂಡ್ ಹಾಕಿದ ಸದ್ದು ಕೇಳಿ ತಿರುಗಿ ನೋಡಿದಳು. ಅಲ್ಲಿಗೆ ಮಾತು ನಿಂತಿತು.

"ಪಾಪಾ ಸಾಪಾಡ್ ಆಯ್ತು ಸಾರ್. ನೀವು ಓಗಿ ಕೈಕಾಲ್ ತೊಳ್ಕೊಳ್ಳಿ" ಎಂದರು ಆಯಾ. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನನಗೆ ಮಾತ್ರ ನನ್ನ ಮನೆ ಬಾಗಿಲಲ್ಲೇ ನನ್ನನ್ನು ಆಚೆ ಕಳಿಸಿದ ಹಾಗಾಯಿತು.

ಆ ಬೇಸಿಗೆಯಲ್ಲಿ ಮಗುವನ್ನು ಎಲ್‌ಕೆಜಿಗೆ ಸೇರಿಸಲು ಒಂದು ಶಾಲೆಗೆ ಕರೆದುಕೊಂಡು ಹೋದೆವು. ಮುಖ್ಯೋಪಾಧ್ಯಾಯಿನಿ ಹೊರಗಿನಿಂದ ಬಂದವರು. ಮೇಜಿನ ಮೇಲಿನ ಪ್ಲಾಸ್ಟಿಕ್ ಹಣ್ಣುಗಳನ್ನು ತೋರಿಸಿ, "ಇದೇನಮ್ಮ? ನಿನ್ನ ಹೆಸರೇನು?" ಎಂದು ಕೇಳಿದರು. ಇಂಗ್ಲಿಷಿನಲ್ಲೂ ಕೇಳಿದರು. ಮಗು ಅವರ ಬಳೆಗಳನ್ನು ನೋಡುತ್ತಾ ನಿಂತಿತ್ತು. ಆಮೇಲೆ ಕಿಟಕಿಯಲ್ಲಿ ಏನೋ ಕಂಡು ಅಕ್ಕನಿಗೆ ತಮಿಳಿನಲ್ಲಿ ಸರಸರ ಹೇಳಿದಳು. ಆ ಮೇಡಂ ನಕ್ಕರು.

"ನೀವು ತಮಿಳರಾ?"

"ಅಲ್ಲ" ಎಂದೆ.

"ಮೂರು ಭಾಷೆ ಕಿವಿಗೆ ಬಿದ್ರೆ ಮಗು ಏನ್ ಮಾಡ್ಬೇಕು ಹೇಳಿ. ಒಂದೇ ಭಾಷೆ ಇರೋ ಕಡೆ ಮನೆ ಮಾಡ್ಕೊಳ್ಳಿ. ಮುಂದಿನ ವರ್ಷ ನೋಡೋಣ."

ಅವರು ಅದನ್ನು ಹೇಳಿ ಮರೆತೂ ಇರಬೇಕು. ನಾನು ಅದನ್ನು ಕಾರ್ಖಾನೆಯ ಡ್ರಾಯಿಂಗಿನ ಮೇಲೆ ಬರೆದ ಸೂಚನೆಯ ಹಾಗೆ ಹಿಡಿದುಕೊಂಡೆ. ದೊಡ್ಡವಳಿಗೂ ಐದನೇ ತರಗತಿಗೆ ಬೇರೆ ಶಾಲೆ ಹುಡುಕಬೇಕಾಗಿತ್ತು. ಇಬ್ಬರಿಗೂ ಒಟ್ಟಿಗೆ ಅನುಕೂಲವಾಗುವ ಊರು ಹುಡುಕಿ ಹೊರಟುಬಿಡುವುದು ಎಂದು ತೀರ್ಮಾನ ಮಾಡಿದೆ.

ನನ್ನ ಕೆಲಸದ ರೀತಿ ಇಲ್ಲಿ ಸ್ವಲ್ಪ ಹೇಳಬೇಕು. ಕಾರ್ಖಾನೆಗೆ ಹೊರಗಿನಿಂದ ಬಿಡಿಭಾಗಗಳು ಲಾಟು ಲಾಟಾಗಿ ಬರುತ್ತವೆ. ಒಂದೊಂದು ಲಾಟಿನಿಂದ ಇಷ್ಟು ತುಂಡು ಎಂದು ತೆಗೆದು ಅಳೆಯುತ್ತೇವೆ. ಅವು ಸರಿಯಿದ್ದರೆ ಲಾಟು ಪಾಸು. ಭಾಗಗಳನ್ನು ಕಳಿಸುವವರಿಗೂ ಅಂಕಪಟ್ಟಿ ಇದೆ: ಗುಣಮಟ್ಟಕ್ಕೆ ಇಷ್ಟು, ಹೊತ್ತಿಗೆ ಸರಿಯಾಗಿ ಕಳಿಸಿದ್ದಕ್ಕೆ ಇಷ್ಟು ಎಂದು ಒಟ್ಟು ನೂರಕ್ಕೆ ಹಾಕಿ, ಹೆಚ್ಚು ಬಂದವರಿಗೆ ಆರ್ಡರು. ಅಲ್ಲಿ ಯಾರ ಮುಖವನ್ನೂ ನೋಡುವ ಹಾಗಿಲ್ಲ. ಹದಿನಾರು ವರ್ಷ ಅದನ್ನೇ ಮಾಡಿದವನಿಗೆ ಎಲ್ಲವೂ ಪಟ್ಟಿಯಾಗಿಯೇ ಕಾಣುತ್ತದೆ. ಮನೆ ಆರಿಸುವುದಕ್ಕೂ ಒಂದು ಪಟ್ಟಿ ಮಾಡಿದೆ. ಶಾಲೆಗೆ ಮೂವತ್ತು ಅಂಕ, ಭಾಷೆಗೆ ಇಪ್ಪತ್ತೈದು, ಆಸ್ಪತ್ರೆಗೆ ಹದಿನೈದು, ನೀರಿಗೆ ಹದಿನೈದು, ಬಸ್ಸು ರೈಲಿಗೆ ಹತ್ತು, ಇತರೆಗೆ ಐದು. ಮೇಲುಗಡೆ ಊರುಗಳ ಹೆಸರು ಬರೆದೆ. ಈಗಿರುವ ಕೋರಮಂಡಲ್, ಆಂಡರ್ಸನ್‌ಪೇಟೆ, ಬಂಗಾರಪೇಟೆ.

ನಾಲ್ಕನೆಯದನ್ನು ಸೇರಿಸಿದ್ದು ನನ್ನ ವಿಭಾಗದ ಫಿಟ್ಟರ್. ಕಾಮಸಮುದ್ರದ ಹತ್ತಿರದ ಹಳ್ಳಿಯವನು. ಬೆಳಗಿನ ಹಾಲು ಡೈರಿಗೆ ಹಾಕಿ ಡ್ಯೂಟಿಗೆ ಬರುತ್ತಿದ್ದ. ಊಟದ ಹೊತ್ತಿನಲ್ಲಿ ನನ್ನ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ನಮ್ಮೂರ್ನೂ ಬರ್ಕೊಳಿ ಸಾ. ಮನೆ ಖಾಲಿ ಐತೆ. ಆಲೈತೆ, ಮೊಸರೈತೆ. ಮಗೂನ ನಮ್ಮವ್ವ ನೋಡ್ಕೊತಾಳೆ."

"ನಿಮ್ಮೂರಲ್ಲೂ ತೆಲುಗೇ ಅಲ್ವೇನಯ್ಯ?"

"ತೆಲುಗೂ ಮಾತಾಡ್ತೀವಿ, ಕನ್ನಡಾನೂ ಮಾತಾಡ್ತೀವಿ. ಅಸುನ ಅತ್ರ ತೆಲುಗು, ಆಪೀಸ್ನೋರತ್ರ ಕನ್ನಡ" ಎಂದು ನಕ್ಕ. ನಾನೂ ನಕ್ಕೆ. ನಕ್ಕು ಭಾಷೆಯ ಕಾಲಮ್ಮಿನಲ್ಲಿ ಅವನ ಊರಿಗೆ ಐದು ಅಂಕ ಹಾಕಿದೆ.

ಮೂರು ಭಾನುವಾರ ಬಂಗಾರಪೇಟೆಗೆ ಹೋದೆ. ಶಾಲೆಗಳನ್ನು ಹೊರಗಿನಿಂದ, ಒಳಗಿನಿಂದ ನೋಡಿದೆ. ಶೌಚಾಲಯದ ನಲ್ಲಿ ತಿರುಗಿಸಿ ನೋಡಿದೆ. ಯಾವ ಮಕ್ಕಳ ಡಾಕ್ಟರು ಎಷ್ಟು ಹೊತ್ತಿಗೆ ಕೂರುತ್ತಾರೆ ಎಂದು ಬರೆದುಕೊಂಡೆ. ಭಾಷೆ ಅಳೆಯುವುದು ಹೇಗೆ ಎಂದು ಯೋಚಿಸಿ, ಅದಕ್ಕೂ ಒಂದು ದಾರಿ ಕಂಡುಕೊಂಡೆ. ಸಂಜೆ ಮಕ್ಕಳು ಆಡುವ ಹೊತ್ತಿಗೆ ಒಂದೊಂದು ಬೀದಿಯಲ್ಲಿ ಅರ್ಧ ಗಂಟೆ ನಿಂತು, ಯಾವ ಭಾಷೆ ಎಷ್ಟು ಸಲ ಕಿವಿಗೆ ಬೀಳುತ್ತದೆ ಎಂದು ಗೀಟು ಹಾಕುತ್ತಾ ಹೋದೆ. ರೈಲ್ವೆ ಸ್ಟೇಷನ್ ಕಡೆಯ ಬೀದಿಯಲ್ಲಿ ತಮಿಳು, ಉರ್ದು, ತೆಲುಗು, ಕನ್ನಡ ಎಲ್ಲ ಸೇರಿ ಗೀಟಿನ ಮೇಲೆ ಗೀಟು. ಸಂತೆ ಕಡೆ ತೆಲುಗು ಜಾಸ್ತಿ. ಒಬ್ಬ ಹೆಂಗಸು ನನ್ನನ್ನು ಜನಗಣತಿಯವನು ಎಂದುಕೊಂಡು ತನ್ನ ಮನೆಯವರ ಹೆಸರನ್ನೆಲ್ಲ ಹೇಳತೊಡಗಿದಳು.

ಕೊನೆಯ ಭಾನುವಾರ ಊರಾಚೆಯ ಒಂದು ಹೊಸ ಬಡಾವಣೆಗೆ ಹೋದೆ. ನೌಕರಿಯವರು ಕಟ್ಟಿಸಿದ ಮನೆಗಳು. ಪ್ರತಿ ಮನೆಗೂ ಕಾಂಪೌಂಡು, ಕಬ್ಬಿಣದ ಗೇಟು, ಬೋರ್‌ವೆಲ್ ನೀರು. ಒಳ್ಳೆಯ ಶಾಲೆಯ ವ್ಯಾನು ಬೀದಿಯ ತುದಿಗೇ ಬರುತ್ತದೆ. ಅರ್ಧ ಗಂಟೆ ನಿಂತೆ. ಯಾವ ಭಾಷೆಯೂ ಕೇಳಿಸಲಿಲ್ಲ. ಒಂದು ಮಗುವೂ ಹೊರಗೆ ಬರಲಿಲ್ಲ. ಒಂದು ಮನೆಯೊಳಗೆ ಕನ್ನಡದ ಟಿ.ವಿ. ಓಡುತ್ತಿತ್ತು. ತಮಿಳು, ತೆಲುಗು ಒಂದು ಗೀಟೂ ಇಲ್ಲ ಎಂದು ಭಾಷೆಗೆ ಇಪ್ಪತ್ತೈದಕ್ಕೆ ಇಪ್ಪತ್ತೈದು ಹಾಕಿದೆ. ಅಳೆಯಲು ಒಂದು ತುಂಡೂ ಸಿಗದ ಲಾಟನ್ನು ದೋಷವೇ ಇಲ್ಲವೆಂದು ಪಾಸು ಮಾಡಿದವನನ್ನು ನಮ್ಮ ವಿಭಾಗದಲ್ಲಿ ಮನೆಗೆ ಕಳಿಸುತ್ತಾರೆ. ನಾನು ಅದನ್ನೇ ಮಾಡಿದೆ, ಅದೂ ಹೆಮ್ಮೆಯಿಂದ.

ಬಂಗಾರಪೇಟೆಗೆ ಒಟ್ಟು ಎಪ್ಪತ್ತೊಂಬತ್ತು ಬಂತು. ಆಂಡರ್ಸನ್‌ಪೇಟೆ ಬಹಳ ಹಿಂದೆ ಉಳಿಯಿತು. ಕೋರಮಂಡಲ್‌ಗೆ ಪಾಸಾಗುವಷ್ಟೂ ಬರಲಿಲ್ಲ.

ಹೆಂಡತಿ ಪಟ್ಟಿಯನ್ನು ಸ್ಟೌ ಪಕ್ಕದಲ್ಲಿಟ್ಟುಕೊಂಡು, ರೊಟ್ಟಿ ಬೇಯಿಸುತ್ತಲೇ ಓದಿದಳು.

"ಇದ್ರಲ್ಲಿ ಆಯಾನ ಎಲ್ಲಿ ಬರ್ದೀರಿ?"

"ಎಲ್ಲಿ ಬರೀಲಿ? ಇತರೆ ಅಂತ ಇದೆಯಲ್ಲ, ಅದ್ರಲ್ಲಿ ಬಂತು."

"ಐದು ಅಂಕದಾಗಾ?"

"ಐದರಲ್ಲಿ ಅಂಗಡಿ, ಪಾರ್ಕು ಎಲ್ಲ ಇದೆ" ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವಳು ರೊಟ್ಟಿ ತಿರುವಿ ಹಾಕಿದಳು. ತಾನು ಕೆಲಸ ಬಿಟ್ಟರೆ ಮಗುವನ್ನು ನೋಡಿಕೊಳ್ಳಬಹುದು, ಆದರೆ ಹಾಗೆ ನೋಡಿಕೊಳ್ಳುವುದು ಬೇರೆ, ಆಯಾ ಇರುವುದು ಬೇರೆ ಎಂದಳು. ನನಗೆ ಅರ್ಥವಾಗಲಿಲ್ಲ. ಅರ್ಧ ಗಂಟೆಯ ರೈಲು, ಯಾವಾಗ ಬೇಕಾದರೂ ಆಯಾನ ನೋಡಿ ಬರಬಹುದು ಎಂದು ಸಮಾಧಾನ ಹೇಳಿದೆ. ಆ ಮಾತನ್ನು ಹೇಳುವಾಗ ಅದನ್ನು ನಡೆಸುವ ಮನಸ್ಸು ನನಗೆ ಇತ್ತೋ ಇಲ್ಲವೋ, ಇವತ್ತಿಗೂ ಖಾತ್ರಿಯಿಲ್ಲ.

ಫಿಟ್ಟರ್ ಮಾತ್ರ ಬಿಡಲಿಲ್ಲ. "ಆ ಬೀದೀಲಿ ಯಾರ್ನಾದ್ರೂ ಮಾತಾಡ್ಸುದ್ರಾ ಸಾ?" ಎಂದು ಕೇಳಿದ.

"ಯಾರೂ ಹೊರಗೆ ಇರ್ಲಿಲ್ಲ."

"ಯಾರೂ ಇಲ್ದಿರೋ ಕಡೀಕೆ ಮಗೂನ ಮಾತ್ ಕಲಿಸಾಕೆ ಕರ್ಕೊಂಡೋಯ್ತೀರಾ?"

ಅವನಿಗೆ ಪಟ್ಟಿಯ ಲೆಕ್ಕ ಗೊತ್ತಾಗುವುದಿಲ್ಲ ಎಂದುಕೊಂಡು ಡಬ್ಬಿ ಮುಚ್ಚಿ ಎದ್ದೆ.

ಮೇ ತಿಂಗಳ ಕೊನೆಯಲ್ಲಿ ಟೆಂಪೋ ಬಂತು. ಲೈನಿನವರೆಲ್ಲ ಸೇರಿ ಸಾಮಾನು ಎತ್ತಿಕೊಟ್ಟರು. ಮಗುವಿಗೆ ಖುಷಿಯೋ ಖುಷಿ. ಡ್ರೈವರ್ ಪಕ್ಕದಲ್ಲಿ ಕೂತು, ಹಾರನ್ ಒತ್ತಿ, "ಆಯಾ, ವಾ, ವಾ" ಎಂದು ಕರೆಯುತ್ತಿದ್ದಳು. ಆಯಾ ಟೆಂಪೋದಲ್ಲಿ ಬರುತ್ತಾರೆ ಎಂದೇ ಅವಳು ತಿಳಿದಿದ್ದಳು. ಆಯಾ ನಮ್ಮ ಖಾಲಿ ಮನೆಯ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದರು. ಹೊರಟವರ ಬೆನ್ನ ಹಿಂದೆಯೇ ಗುಡಿಸಬಾರದು ಎನ್ನುವುದು ನಮ್ಮಲ್ಲೂ ಇದೆ, ಅವರಲ್ಲೂ ಇದೆ. "ನಾಳೆ ಗುಡಿಸ್ತೀನಮ್ಮ, ಇವತ್ತು ಬ್ಯಾಡ. ನೀವು ನಲ್ಲಾ ಓಗ್ಬಿಟ್ಟು ಬನ್ನಿ" ಎಂದು ಹೆಂಡತಿಯ ಕೈ ಹಿಡಿದುಕೊಂಡರು. ಹೆಂಡತಿ ಅತ್ತಳು. ನಾನು ಹಗ್ಗ ಬಿಗಿಯಾಗಿದೆಯೇ ಎಂದು ನೋಡುತ್ತಾ ಟೆಂಪೋ ಸುತ್ತ ಎರಡು ಸುತ್ತು ಹಾಕಿದೆ.

ಹೊಸ ಮನೆಯಲ್ಲಿ ಮೊದಲ ಬೆಳಗ್ಗೆ ಮಗು ಎದ್ದು ನೆಟ್ಟಗೆ ಗೋಡೆಯ ಹತ್ತಿರ ಹೋಗಿ ಅಂಗೈಯಲ್ಲಿ ಬಡಿಯಿತು. ಕೋರಮಂಡಲ್‌ನಲ್ಲಿ ಹಾಗೆ ಬಡಿದರೆ ಆ ಕಡೆಯಿಂದ ಆಯಾ ಓಗೊಡುತ್ತಿದ್ದರು. ಇಲ್ಲಿ ಗೋಡೆಯ ಆಚೆ ಖಾಲಿ ಸೈಟು. ಎರಡನೇ ದಿನ ಗೇಟಿನ ಸರಳು ಹಿಡಿದು ನಿಂತಳು. ಎದುರು ಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಹೂಗಿಡಕ್ಕೆ ನೀರು ಹಾಕುತ್ತಿದ್ದರು. ಮಗು ಅವರನ್ನು ನೋಡಿ "ಆಯಾ" ಎಂದು ಕೂಗಿ, ಹತ್ತು ಮಾತು ಒಟ್ಟಿಗೆ ಸುರಿಯಿತು. ಅವರು ಪೈಪು ಹಿಡಿದುಕೊಂಡೇ, "ಆಯಾ ಅಂದ್ರೆ ಕೆಲಸದವಳು ಪುಟ್ಟಿ. ಅಜ್ಜಿ ಅನ್ನಬೇಕು" ಎಂದು ತಿದ್ದಿ ಒಳಗೆ ಹೋದರು. ಕೆಟ್ಟವರೇನಲ್ಲ. ಆಮೇಲೆ ಹಬ್ಬದಲ್ಲಿ ಹೋಳಿಗೆ ಕಳಿಸಿದರು.

ಹೆಂಡತಿ ಕೆಲಸ ಬಿಟ್ಟು ಇಡೀ ದಿನ ಮಗುವಿನ ಜೊತೆ ಕನ್ನಡ ಮಾತಾಡಿದಳು. ಇದು ಲೋಟ, ಇದು ತಟ್ಟೆ, ಇದು ಬೆಕ್ಕು. ಮಗು ಗೇಟಿನ ಕಡೆ ನೋಡುತ್ತಿತ್ತು. ಸಂಜೆ ನಾನು ಬಂದ ಕೂಡಲೇ ನನ್ನ ಬೆರಳು ಹಿಡಿದು ರಸ್ತೆಯ ಕಡೆ ಜಗ್ಗುತ್ತಿದ್ದಳು. ನನ್ನ ಬೆರಳನ್ನು ಅವಳು ತಾನಾಗಿ ಹಿಡಿದದ್ದು ಅದೇ ಮೊದಲು. ನಾಲ್ಕು ದಿನ ಬೀದಿಯ ತುದಿಯ ತನಕ ಹೋಗಿ ವಾಪಸ್ ಬಂದೆವು. ಹೆಂಡತಿ, "ಒಂದ್ಸಲ ಕರ್ಕೊಂಡು ಹೋಗಿ ಬರೋಣ" ಎಂದಳು. ಎರಕ ಹೊಯ್ದ ಮೇಲೆ ಗಟ್ಟಿಯಾಗುವ ತನಕ ಮುಟ್ಟಬಾರದು, ಭಾಷೆಯೂ ಹಾಗೆ, ಮೂರು ತಿಂಗಳು ಕೋರಮಂಡಲ್ ಬೇಡ ಎಂದು ನಾನು ಹಟ ಹಿಡಿದೆ.

ಐದನೇ ದಿನ ಮಗು ಗೇಟು ಬಿಟ್ಟು ಬರಲೇ ಇಲ್ಲ. ಊಟಕ್ಕೆ ಎತ್ತಿಕೊಂಡರೆ ಕೊಸರಿಕೊಂಡು ಓಡಿ ಮತ್ತೆ ಸರಳು ಹಿಡಿಯಿತು. ನನಗೆ ರೇಗಿತು. ದೊಡ್ಡವಳನ್ನು ಕರೆದೆ.

"ಆಯಾ ಊರು ಬಿಟ್ಟು ಹೋದ್ರು, ಇನ್ನು ಬರಲ್ಲ ಅಂತ ಅವಳಿಗೆ ಹೇಳು."

"ಎಲ್ಲಿಗೆ ಹೋದ್ರಪ್ಪ?"

"ಎಲ್ಲಿಗೂ ಹೋಗಿಲ್ಲ. ನೀನು ಹಂಗೆ ಹೇಳು."

ದೊಡ್ಡವಳು ನನ್ನ ಮುಖ ನೋಡಿದಳು. ಆಮೇಲೆ ತಂಗಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ತಮಿಳಿನಲ್ಲಿ ಮೆಲ್ಲಗೆ ಹೇಳಿದಳು. ಮಗು ಏನೋ ಕೇಳಿತು. ದೊಡ್ಡವಳು ಹೌದೆಂದು ತಲೆ ಆಡಿಸಿದಳು. ಏನು ಕೇಳಿದಳು ಎಂದು ನಾನು ವಿಚಾರಿಸಿದೆ. "ನನ್ನ ಹತ್ರ ಹೇಳ್ದೆ ಹೋದ್ರಾ ಅಂತ ಕೇಳಿದ್ಲು" ಎಂದಳು. ಇನ್ನು ಮೇಲೆ ಈ ಮನೆಯಲ್ಲಿ ತಮಿಳು ಬೇಡ ಎಂದು ಇಬ್ಬರಿಗೂ ಹೇಳಿ ಒಳಗೆ ಹೋದೆ.

ಮಗು ಗೇಟು ಬಿಟ್ಟಿತು. ನನ್ನ ಉಪಾಯ ಫಲಿಸಿತು ಎಂದುಕೊಂಡೆ. ಒಂದು ವಾರದಲ್ಲಿ ಬೆರಳು ಹಿಡಿಯುವುದೂ ನಿಂತಿತು. ಅಕ್ಕನ ಕಿವಿಯಲ್ಲಿ ಏನೋ ಪಿಸುಗುಟ್ಟುವುದನ್ನು ಒಮ್ಮೆ ಕಂಡು, ದೊಡ್ಡವಳನ್ನು ಗದರಿದೆ. ಆಮೇಲೆ ಆ ಪಿಸುಮಾತೂ ಇಲ್ಲ. ಜೂನ್ ಕಳೆಯಿತು, ಜುಲೈ ಕಳೆಯಿತು. ಮಗು ಉಣ್ಣುತ್ತಿತ್ತು, ಮಲಗುತ್ತಿತ್ತು, ಹೇಳಿದ ಕಡೆ ಕೂರುತ್ತಿತ್ತು. ಬಾಯಿಂದ ಒಂದು ಶಬ್ದವಿಲ್ಲ. ಬಿದ್ದು ಮೊಣಕಾಲು ತರಚಿಕೊಂಡಾಗ ಕೂಡ ಸದ್ದು ಮಾಡದೆ ಅತ್ತಳು. ತೆರೆದ ಬಾಯಿ, ಇಳಿಯುವ ಕಣ್ಣೀರು, ಸದ್ದಿಲ್ಲ. ನಾನು ಅದನ್ನು ನೋಡಿ ಹೆದರಿದೆ. ಅಲ್ಲಿಯ ತನಕ ಹೆದರಿಕೆ ಹೆಂಡತಿಯೊಬ್ಬಳ ಪಾಲಿಗಿತ್ತು.

ಕೋಲಾರದಲ್ಲಿ ಒಬ್ಬ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಅವರು ಕಿವಿ ನೋಡಿದರು, ನಾಲಗೆ ನೋಡಿದರು, ಬಣ್ಣದ ಮಣಿಗಳನ್ನು ಕೊಟ್ಟು ಪೋಣಿಸಲು ಹೇಳಿದರು. ಮಗು ಅಚ್ಚುಕಟ್ಟಾಗಿ ಪೋಣಿಸಿ ಕೊಟ್ಟಿತು.

"ಮೊದ್ಲು ಯಾರ ಹತ್ರಾನೂ ಮಾತಾಡ್ತಿರ್ಲಿಲ್ವಾ?"

ಹೆಂಡತಿ ಎಲ್ಲವನ್ನೂ ಹೇಳಿದಳು. ಪಟ್ಟಿ, ಗೇಟು, ನಾನು ಹೇಳಿಸಿದ ಸುಳ್ಳು, ಯಾವುದನ್ನೂ ಬಿಡಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟರು.

"ಹಾಗಾದ್ರೆ ಮಗುಗೆ ಮಾತು ಬರ್ತಿತ್ತಲ್ಲ. ಒಂದು ಭಾಷೆ ಚೆನ್ನಾಗಿ ಬಂದ್ರೆ ಇನ್ನೊಂದು ತಾನಾಗಿ ಬರ್ತಿತ್ತು. ನಿಮ್ಮ ದೊಡ್ಡ ಮಗಳನ್ನ ನೋಡಿ ಗೊತ್ತಾಗ್ಲಿಲ್ವಾ?"

ದೊಡ್ಡವಳು ಪಕ್ಕದಲ್ಲೇ ಕೂತಿದ್ದಳು. ಮೂರು ಭಾಷೆಯಲ್ಲಿ ಪಟಪಟ ಮಾತಾಡುವ ಮಗಳನ್ನು ಮನೆಯಲ್ಲೇ ಇಟ್ಟುಕೊಂಡು ನಾನು ಬೀದಿ ಬೀದಿಯಲ್ಲಿ ಗೀಟು ಎಳೆದಿದ್ದೆ. ಆ ಅಜ್ಜಿಯ ಹತ್ತಿರ ಕರೆದುಕೊಂಡು ಹೋಗಿ, ತಡ ಮಾಡಬೇಡಿ ಎಂದರು ಡಾಕ್ಟರು.

ಮಾರನೆಯ ದಿನವೇ ಹೋದೆವು. ಕೋರಮಂಡಲ್ ಸ್ಟೇಷನ್ನಿನಲ್ಲಿ ಇಳಿದಾಗ ಮಗು ಕತ್ತೆತ್ತಿ ಸುತ್ತ ನೋಡಿತು. ದಾರಿ ಗುರುತಾಗಿ ನಮಗಿಂತ ಮುಂದೆ ನಡೆಯತೊಡಗಿತು. ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಎಲ್ಲ ಸರಿಹೋಗುತ್ತದೆ ಎಂದು ನನಗೂ ಅನ್ನಿಸಿತು. ಆಯಾ ಎಂದಿನ ಹಾಗೆ ಮೆಟ್ಟಿಲ ಮೇಲೆ ಕೂತಿದ್ದರು. ನಮ್ಮನ್ನು ಕಂಡು ಮೊರ ಪಕ್ಕಕ್ಕಿಟ್ಟು, ಎರಡೂ ಕೈ ಚಾಚಿದರು. "ಕಣ್ಣೂ" ಎಂದು ಮುದ್ದಿನಿಂದ ಕರೆದರು.

ಮಗು ನಿಂತಲ್ಲೇ ನಿಂತಿತು. ಆಯಾರನ್ನು ನೋಡಿತು. ಆಮೇಲೆ ತಿರುಗಿ ಅಕ್ಕನನ್ನು ನೋಡಿತು. ಆಮೇಲೆ ನನ್ನನ್ನು ನೋಡಿತು. ನಾಲ್ಕೂವರೆ ವರ್ಷದ ಮಗುವಿಗೆ ಎಷ್ಟು ಅರ್ಥವಾಗುತ್ತದೆ ಎಂದು ಜನ ಕೇಳುತ್ತಾರೆ. ಆಯಾ ಊರು ಬಿಟ್ಟು ಹೋಗಿರಲಿಲ್ಲ, ಅದೇ ಮೆಟ್ಟಿಲ ಮೇಲೆ ಇದ್ದರು. ಅಕ್ಕ ಹೇಳಿದ್ದು ಸುಳ್ಳು, ಅಪ್ಪ ಹೇಳಿಸಿದ್ದು ಸುಳ್ಳು. ಹಾಗಿದ್ದರೆ ಆಯಾ ಇಷ್ಟು ದಿನ ಯಾಕೆ ಬರಲಿಲ್ಲ? ಅಷ್ಟೆಲ್ಲ ಅವಳಿಗೆ ಅರ್ಥವಾಯಿತು ಎಂದು ನಾನು ನಂಬಿದ್ದೇನೆ, ಯಾಕೆಂದರೆ ಅವಳು ಅಮ್ಮನ ಸೆರಗಿನ ಹಿಂದೆ ಸರಿದು ಮುಖ ಮುಚ್ಚಿಕೊಂಡಳು.

"ಎನ್ನಮ್ಮಾ, ಆಯಾ ಮೇಲೆ ಕೋಪಮಾ?" ಎಂದು ಆಯಾ ಎದ್ದು ಬಂದರು. ದೊಡ್ಡವಳು ಅಳುತ್ತಾ ಅವರಿಗೆ ತಮಿಳಿನಲ್ಲಿ ನಡೆದದ್ದನ್ನು ಹೇಳಿಬಿಟ್ಟಳು. ಆಯಾ ನನ್ನ ಕಡೆ ನೋಡಲಿಲ್ಲ. ನೆಲದ ಮೇಲೆ ಕೂತು ಮಗುವಿನ ಕಾಲು ಹಿಡಿದುಕೊಂಡು, "ನಾನು ಎಲ್ಲೂ ಓಗ್ಲಿಲ್ಲ ಕಣ್ಣು. ಇಲ್ಲೇ ಇದ್ದೆ. ನೀವೇ ಓದ್ರಿ" ಎಂದು ಕನ್ನಡದಲ್ಲೇ ಹೇಳಿದರು. ಮಗುವಿಗೆ ಹೇಳಲು ಅವರು ಕನ್ನಡ ಬಳಸಿದ್ದು ನಾನು ಕೇಳಿದ ಹಾಗೆ ಅದೇ ಮೊದಲು. ಅದು ನನಗೆ ಹೇಳಿದ್ದು ಎಂದು ಆಮೇಲೆ ಹೊಳೆಯಿತು.

ಇನ್ನೂ ಮೂರು ನಾಲ್ಕು ಸಲ ಹೋದೆವು. ಪ್ರತಿ ಸಲವೂ ಮಗು ಅಮ್ಮನ ಮಡಿಲಲ್ಲಿ ಕೂತು, ಕೊಟ್ಟದ್ದನ್ನು ತಿಂದು, ಹೊರಡುವಾಗ ಚಪ್ಪಲಿ ಹಾಕಿಕೊಂಡು ಮೊದಲು ನಿಲ್ಲುತ್ತಿತ್ತು. ಕೊನೆಯ ಸಲ ಕೋರಮಂಡಲ್‌ನಲ್ಲಿ ರೈಲಿನಿಂದ ಇಳಿಯಲೇ ಇಲ್ಲ, ಸೀಟಿನ ಕಂಬಿ ಹಿಡಿದು ಕೂತಿತು. ನಾವು ಮಾರಿಕುಪ್ಪಂ ತನಕ ಹೋಗಿ, ಅದೇ ರೈಲಿನಲ್ಲಿ ವಾಪಸ್ ಬಂದೆವು. ಲೈನಿಗೆ ವಾಪಸ್ ಬರೋಣವೆಂದು ಹೆಂಡತಿ ಕೇಳಿದ್ದಳು. ಹಳೆಯ ಮನೆಗೆ ಬೇರೆಯವರು ಬಂದಿದ್ದರು, ದೊಡ್ಡವಳ ಶಾಲೆ ಅರ್ಧ ವರ್ಷ ಮುಗಿದಿತ್ತು. ಕಾರಣಗಳಿಗೆ ನನ್ನಲ್ಲಿ ಯಾವತ್ತೂ ಬರವಿಲ್ಲ.

ಮುಂದಿನ ವರ್ಷ ಬಂಗಾರಪೇಟೆಯ ಶಾಲೆಯ ಸಂದರ್ಶನದಲ್ಲಿ ಅವಳು ತನ್ನ ಹೆಸರು ಹೇಳಿದಳು. ಅಪ್ಪನ ಹೆಸರು, ಅಮ್ಮನ ಹೆಸರು, ಹಣ್ಣುಗಳ ಹೆಸರು. ಕೇಳಿದ್ದಕ್ಕೆಲ್ಲ ಒಂದೊಂದು ಶಬ್ದ. ಸೀಟು ಸಿಕ್ಕಿತು. ಅವತ್ತು ನಾನು ಸಿಹಿ ತಂದೆ, ಹೆಂಡತಿ ಮುಟ್ಟಲಿಲ್ಲ. ಅಂದಿನಿಂದ ಪ್ರತಿ ವರ್ಷದ ಪ್ರಗತಿಪತ್ರದಲ್ಲೂ ಟೀಚರುಗಳು ಶಾಂತ ಸ್ವಭಾವ, ಉತ್ತಮ ಶಿಸ್ತು ಎಂದು ಬರೆಯುತ್ತಾರೆ. ನಾನು ಸಹಿ ಹಾಕುತ್ತೇನೆ. ಓದುವುದರಲ್ಲಿ ಚುರುಕು, ಬರವಣಿಗೆ ಮುತ್ತಿನ ಹಾಗೆ. ಮನೆಗೆ ಅವಳನ್ನು ಹುಡುಕಿಕೊಂಡು ಒಬ್ಬ ಗೆಳತಿಯೂ ಬಂದದ್ದಿಲ್ಲ. ತಮಿಳು ಪೂರ್ತಿ ಮರೆತುಹೋಗಿದೆ. ಆಯಾನ ಮಗ ಕಳೆದ ವರ್ಷ ರೈಲಿನಲ್ಲಿ ಸಿಕ್ಕು, ಅಮ್ಮನಿಗೆ ಕಣ್ಣು ಕಾಣಿಸುವುದಿಲ್ಲ, ಪಾಪಾ ಹೇಗಿದ್ದಾಳೆ ಎಂದು ಕೇಳುತ್ತಿರುತ್ತಾರೆ ಎಂದ. ಚೆನ್ನಾಗಿದ್ದಾಳೆ, ಕ್ಲಾಸಿಗೆ ಮೊದಲು ಎಂದು ಹೇಳಿದೆ.

ಈ ವರ್ಷ ದೊಡ್ಡವಳ ಹತ್ತನೇ ತರಗತಿ ಮುಗಿಯಿತು. ಪಿಯುಸಿಗೆ ಕೋಲಾರವೋ ಬೆಂಗಳೂರೋ, ಯಾವ ಕಡೆ ಮನೆ ಮಾಡುವುದು ಎಂದು ಮತ್ತೆ ಮಾತು ಎದ್ದಿದೆ. ನಾನು ಪಟ್ಟಿ ಬರೆಯಲು ಕೂರಲಿಲ್ಲ. ಹೆಂಡತಿಯನ್ನು ಕೇಳಿದೆ, ದೊಡ್ಡವಳನ್ನು ಕೇಳಿದೆ. ಆಮೇಲೆ ಕಿಟಕಿಯ ಹತ್ತಿರ ಹೋಂವರ್ಕ್ ಬರೆಯುತ್ತಿದ್ದ ಚಿಕ್ಕವಳ ಪಕ್ಕದಲ್ಲಿ ಕೂತು, ಈ ಸಲ ನೀನು ಹೇಳಿದ ಕಡೆಗೇ ಹೋಗೋಣ, ನಿನಗೆ ಎಲ್ಲಿ ಇಷ್ಟ ಹೇಳು ಎಂದೆ. ಹತ್ತು ವರ್ಷದ ಹುಡುಗಿ. ಗೆರೆ ಎಳೆಯುವುದನ್ನು ಮುಗಿಸಿ, ಸ್ಕೇಲು ಪಕ್ಕಕ್ಕಿಟ್ಟು, ನನ್ನನ್ನು ನೋಡಿದಳು. ಮುಖದಲ್ಲಿ ಕೋಪವಿರಲಿಲ್ಲ, ದೂರೂ ಇರಲಿಲ್ಲ.

"ಎಲ್ಲಾದ್ರೂ ಸರಿ ಅಪ್ಪ. ಎಲ್ಲೇ ಹೋದ್ರೂ ನಾನು ಯಾರ ಜೊತೆಗೂ ಮಾತಾಡಲ್ವಲ್ಲ."

ನಾನು ಬೇಕೆಂದಿದ್ದ ಹಾಗೆಯೇ, ಸ್ಪಷ್ಟವಾದ ಕನ್ನಡದಲ್ಲಿ ಹೇಳಿ, ಮತ್ತೆ ಸ್ಕೇಲು ಎತ್ತಿಕೊಂಡಳು.